ಸವಾರನ ಪಾದದ ಕೀಲು

ಭದ್ರಾವತಿಯಿಂದ ಶಿವಮೊಗ್ಗೆಗೆ ಪ್ರತಿದಿನವೂ ರೈಲಿನಲ್ಲಿ ಬಂದು ಹೋಗುವ ನಮ್ಮ ವಿದ್ಯಾರ್ಥಿಯೊಬ್ಬನು ಬೇಸಗೆಯ ರಜೆ ಮುಗಿದ ಮೇಲೆ ಕುಂಟುತ್ತ ತರಗತಿಗೆ ಬಂದನು. ಎರಡು ವರ್ಷಗಳ ಹಿಂದೆ ವಾಲಿಬಾಲ್ ಆಡುವಾಗ ಅವನ ಎಡಗಾಲು ಉಳುಕಿತ್ತು. ಆಮೇಲೆ ಅದೇ ಕಾಲು ಮತ್ತೆರಡು ಸಲ ಹೊರಳಿತ್ತು: ಒಮ್ಮೆ ರೈಲಿನಿಂದ ಇಳಿಯುವಾಗ, ಇನ್ನೊಮ್ಮೆ ಯಾವ ಕಾರಣವೂ ಇಲ್ಲದೆ ಸಮನೆಲದಲ್ಲಿಯೇ. ಮೈಸೂರಿನ ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸ್ ದಳವನ್ನು ಕಂಡಂದಿನಿಂದ ಅದನ್ನು ಸೇರಬೇಕೆಂಬ ಹಂಬಲ ಅವನಿಗೆ. ರಜೆಯಲ್ಲಿ ಮೈಸೂರಿನ ಬಂಧುಗಳ ಮನೆಯಲ್ಲಿದ್ದುಕೊಂಡು ಒಂದು ವಾರ ಸವಾರಿ ಕಲಿತನು. 'ಹಿಮ್ಮಡಿ ಕೆಳಗಿರಲಿ' ಎಂಬುದು ಸವಾರಿ ಕಲಿಯುವವರೆಲ್ಲರೂ ಕೇಳುವ ಮೊದಲ ಪಾಠ. ಇವನು ಅದನ್ನು ಕೇಳಿ ರಿಕಾಪಿನಲ್ಲಿ ಹಿಮ್ಮಡಿಯನ್ನು ಬಲವಂತವಾಗಿ ಒತ್ತಿದನು. ರಾತ್ರಿ ಮನೆಯ ಮೆಟ್ಟಿಲಿನ ಅಂಚಿನಲ್ಲಿ ನಿಂತು ಇನ್ನಷ್ಟು ಒತ್ತಿದನು. ವಾರದ ಕೊನೆಗೆ ಕೀಲು ಊದಿತು.

"ಕೀಲಿಗೆ ಬಲ ಸಾಲದು, ಸರ್. ಇನ್ನೂ ಹೆಚ್ಚು ಒತ್ತಿ ಅಭ್ಯಾಸ ಮಾಡಿದರೆ ಗಟ್ಟಿಯಾಗುತ್ತದೆಯೆ?" ಎಂಬುದು ಅವನ ಪ್ರಶ್ನೆ.

1923ರಿಂದ ಕಬ್ಬಿಣ ಕರಗಿಸಿ ಹೆಸರಾದ ಊರಿನ ಹುಡುಗನಿಗೆ ಕೀಲೂ ಒಂದು ಉಕ್ಕಿನ ಸ್ಪ್ರಿಂಗಿನಂತೆ ತೋರಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಹೋಲಿಕೆಯಲ್ಲಿ ಸತ್ಯಾಂಶವೂ ಉಂಟು. ಅದು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನು ವಿಚಾರಿಸೋಣ.

ಕುದುರೆಯ ಕುಕ್ಕುಲೋಟದಲ್ಲಿ ಸವಾರನ ದೇಹವು ಸೆಕೆಂಡಿಗೆ ಎರಡು ಮೂರು ಸಲ ಮೇಲೆದ್ದು ಕೆಳಗಿಳಿಯುತ್ತದೆ. ಲೆಕ್ಕಕ್ಕಾಗಿ ದೇಹವು 4 ಸೆಂಟಿಮೀಟರು ಬೀಳುತ್ತದೆಂದು ಭಾವಿಸಿರಿ. ಆ ಬೀಳುವಿಕೆ 1 ಸೆಂಟಿಮೀಟರಿನೊಳಗೆ ನಿಂತರೆ ದೇಹದ ಮೇಲೆ ಬೀಳುವ ಸರಾಸರಿ ಬಲ ತೂಕದ ಐದು ಪಟ್ಟಾಗುತ್ತದೆ. 4 ಸೆಂಟಿಮೀಟರು ದೂರದಲ್ಲಿ ಮೆಲ್ಲನೆ ನಿಂತರೆ ಎರಡು ಪಟ್ಟು ಮಾತ್ರ. ನಿಲ್ಲುವ ದೂರವನ್ನು ಹೆಚ್ಚಿಸಿಕೊಡುವ ಕೆಲಸವನ್ನು ಸೊಂಟ, ಮೊಣಕಾಲು ಮತ್ತು ಪಾದದ ಕೀಲುಗಳು ಹಂಚಿಕೊಳ್ಳುತ್ತವೆ. ಹಿಮ್ಮಡಿ ಕೆಳಗಿರಬೇಕೆಂಬ ಪಾಠದ ಅರ್ಥ ಇದೇ: ಪ್ರತಿಯೊಂದು ಹೆಜ್ಜೆಗೂ ಹಿಮ್ಮಡಿಯು ತುಸು ಇಳಿದು ಏರುತ್ತಿರಬೇಕು. ಒತ್ತಿ ಬಿಗಿಹಿಡಿದ ಹಿಮ್ಮಡಿ, ಕೊನೆಯವರೆಗೆ ಅದುಮಿದ ಸ್ಪ್ರಿಂಗಿನಂತೆ, ಯಾವ ಆಘಾತವನ್ನೂ ತಾಳಿಕೊಳ್ಳಲಾರದು. ನಮ್ಮ ವಿದ್ಯಾರ್ಥಿ ಸ್ಪ್ರಿಂಗನ್ನು ಬಲಪಡಿಸುತ್ತಿದ್ದೇನೆಂದು ತಿಳಿದು ಅದರ ಚಲನೆಯನ್ನೇ ಕಟ್ಟಿಹಾಕಿದ್ದನು.

ಪಾದವನ್ನು ಒಂದು ಸನ್ನೆಯೆಂದೂ ನೋಡಬಹುದು. ರಿಕಾಪಿನ ಪಟ್ಟಿ ಬೆರಳುಗಳ ಬುಡದ ಅಗಲವಾದ ಭಾಗದ ಕೆಳಗಿರುತ್ತದೆ. ಅದು ಕೀಲಿನಿಂದ ಸುಮಾರು 12 ಸೆಂಟಿಮೀಟರು ಮುಂದೆ. ಮೀನಖಂಡದ ಸ್ನಾಯುವನ್ನು ಹಿಮ್ಮಡಿಗೆ ಬಂಧಿಸುವ ಅಕಿಲೀಸ್ ರಜ್ಜು ಕೀಲಿನಿಂದ ಸುಮಾರು 5 ಸೆಂಟಿಮೀಟರು ಹಿಂದೆ. 60 ಕಿಲೋಗ್ರಾಂ ತೂಕದವನು ರಿಕಾಪಿನಲ್ಲಿ ಎದ್ದು ನಿಂತಾಗ ಒಂದೊಂದು ಪಾದಕ್ಕೆ 30 ಕಿಲೋಗ್ರಾಂ ಭಾರ ಬಂದರೆ, ಆ ರಜ್ಜು 30ನ್ನು 12ರಿಂದ ಗುಣಿಸಿ 5ರಿಂದ ಭಾಗಿಸಿದಷ್ಟು, ಎಂದರೆ 72 ಕಿಲೋಗ್ರಾಂ ಭಾರದಷ್ಟು ಎಳೆತವನ್ನು ಹೊರಬೇಕು. ಇದು ಕುದುರೆ ನಿಂತಿರುವಾಗಿನ ಮಾತು. ಓಟದಲ್ಲಿ ಇನ್ನೂ ಹೆಚ್ಚು. ಆದುದರಿಂದ ಮೀನಖಂಡಕ್ಕೆ ಬಲ ಬೇಕು, ಅದೂ ಭಾರವನ್ನು ಹೊತ್ತುಕೊಂಡು ನಿಧಾನವಾಗಿ ಸಡಿಲಗೊಳ್ಳುವ ಬಲ.

ಆದರೆ ಇವನ ಕಾಲು ಸಮನೆಲದಲ್ಲಿ ಹೊರಳಿದ್ದೇಕೆ? ಅಲ್ಲಿ 72 ಕಿಲೋಗ್ರಾಮಿನ ಪ್ರಶ್ನೆಯೇ ಇರಲಿಲ್ಲ. ಸ್ಪ್ರಿಂಗಿನ ಹೋಲಿಕೆ ಮುರಿದುಬೀಳುವುದು ಇಲ್ಲಿಯೇ.

ಕಾಲಿನ ಎರಡು ಎಲುಬುಗಳ ಕೆಳತುದಿಗಳು ಇಕ್ಕಳದಂತೆ ಪಾದದ ಮೇಲಿನ ಒಂದು ಎಲುಬನ್ನು ಹಿಡಿದುಕೊಂಡಿವೆ. ಹೊರಬದಿಯಲ್ಲಿ ಇವುಗಳನ್ನು ಕೂಡಿಸಿರುವ ಮೂರು ಗಟ್ಟಿ ತಂತುಪಟ್ಟಿಗಳುಂಟು. ಪಾದವು ಒಳಕ್ಕೆ ಹೊರಳಿದಾಗ ಸಾಮಾನ್ಯವಾಗಿ ಮೊದಲು ಹರಿಯುವುದು ಇವುಗಳಲ್ಲಿ ಮುಂದಿನದು. ಉಳುಕೆಂದು ನಾವು ಕರೆಯುವುದು ಹೆಚ್ಚಾಗಿ ಇದನ್ನೇ. ಈ ಪಟ್ಟಿಗಳು ಬರಿಯ ಹಗ್ಗಗಳಲ್ಲ. ಪಾದ ಯಾವ ಕೋನದಲ್ಲಿದೆ ಎಂಬ ವಾರ್ತೆಯನ್ನು ಕಳುಹಿಸುವ ಸೂಕ್ಷ್ಮವಾದ ನರತುದಿಗಳು ಅವುಗಳಲ್ಲಿ ಸೇರಿಕೊಂಡಿವೆ. ಪಟ್ಟಿ ಹರಿದಾಗ ಈ ನರತುದಿಗಳೂ ಕೆಡುತ್ತವೆ. ಆದುದರಿಂದಲೇ ಗಾಯ ಮಾಗಿದ ಮೇಲೆಯೂ ಕೀಲು ನಂಬಿಕೆಗೆಡುತ್ತದೆ ಎಂದು ಲಂಡನ್ನಿನ ಶಸ್ತ್ರವೈದ್ಯ ಫ್ರೀಮನ್ ಮತ್ತು ಅವರ ಸಂಗಡಿಗರು 1965ರಲ್ಲಿ ಸೂಚಿಸಿದರು. ತೂಗಾಡುವ ಹಲಗೆಯ ಮೇಲೆ ನಿಲ್ಲಿಸುವ ಚಿಕಿತ್ಸೆಯನ್ನೂ ಅವರು ಮುಂದಿಟ್ಟರು. ಕೆಡುಕು ಪಟ್ಟಿಯಲ್ಲಿ ಮಾತ್ರವಲ್ಲದೆ ಬೆನ್ನುಹುರಿ ಮಿದುಳುಗಳ ನಿಯಂತ್ರಣದಲ್ಲಿಯೂ ಇರುತ್ತದೆಂದು ಈಗ ತಿಳಿದಿದೆ.

ಕಾಲದ ಲೆಕ್ಕವನ್ನೂ ನೋಡಬೇಕು. ಪಾದವು ಹಠಾತ್ತಾಗಿ ಹೊರಳಿದಾಗ ಅದನ್ನು ಹೊರಕ್ಕೆ ಎಳೆದು ಕಾಪಾಡುವ ಸ್ನಾಯುಗಳು ಎಚ್ಚರಗೊಳ್ಳಲು ಸೆಕೆಂಡಿನ ನೂರರಲ್ಲಿ ಆರೇಳು ಭಾಗ ಹಿಡಿಯುತ್ತದೆ. ಸಾಕಷ್ಟು ಎಳೆತ ಹುಟ್ಟಲು ಮತ್ತಷ್ಟು. ಕಾಲು ಉಳುಕಲು ಸೆಕೆಂಡಿನ ಸುಮಾರು ಹತ್ತರಲ್ಲೊಂದು ಭಾಗ ಸಾಕು. ಎಷ್ಟೇ ಬಲವಾದ ಸ್ನಾಯುವಾದರೂ ತಡವಾಗಿ ಬಂದರೆ ಫಲವಿಲ್ಲ. ಪಾದ ನೆಲವನ್ನು ಮುಟ್ಟುವ ಮೊದಲೇ ಸ್ನಾಯು ಸನ್ನದ್ಧವಾಗಿರಬೇಕು. ಹೀಗೆ ಸನ್ನದ್ಧವಾಗಿರುವುದು ಅಭ್ಯಾಸದಿಂದ ಬರುವ ಗುಣ.

ವಾಚಕರು ಈಗಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಗೋಡೆಯ ಪಕ್ಕದಲ್ಲಿ ಬರಿಗಾಲಿನಲ್ಲಿ, ಒಂದೇ ಕಾಲಿನ ಮೇಲೆ ನಿಂತು ಕಣ್ಣು ಮುಚ್ಚಿರಿ. ಪಾದವು ಕ್ಷಣಕ್ಷಣಕ್ಕೂ ಅತ್ತಿತ್ತ ತಿದ್ದಿಕೊಳ್ಳುತ್ತಿರುವುದು ತಿಳಿಯುತ್ತದೆ. ಎಷ್ಟು ಸೆಕೆಂಡು ನಿಂತಿರೆಂದು ಎರಡು ಕಾಲುಗಳನ್ನೂ ಹೋಲಿಸಿರಿ. ನಮ್ಮ ವಿದ್ಯಾರ್ಥಿ ಬಲಗಾಲಿನ ಮೇಲೆ 21 ಸೆಕೆಂಡು ನಿಂತನು. ಎಡಗಾಲಿನ ಮೇಲೆ 4.

ಎರಡನೆಯ ಪರೀಕ್ಷೆಯನ್ನು ಪ್ರಯೋಗಶಾಲೆಯ ಗೋಡೆಯ ಬಳಿ ಮಾಡಿದೆವು. ಹಿಮ್ಮಡಿಯನ್ನು ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಬೇಕು. ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಸರಿಯಬಲ್ಲದೆಂದು ಅಳೆಯಬೇಕು. ಬಲಗಾಲಿಗೆ 10 ಸೆಂಟಿಮೀಟರು, ಎಡಗಾಲಿಗೆ 5. ಹಿಂದೆ ಮೀನಖಂಡ ಸೆಳೆದರೆ ಸ್ನಾಯು ಬಿಗಿದಿದೆಯೆಂದು ಎಣಿಸಬಹುದು. ಮುಂದೆ ಕೀಲಿನೊಳಗೆ ಏನೋ ಅಡ್ಡಬಂದಂತಾದರೆ ಕೀಲೇ ಬಿಗಿದಿರುವ ಸಂಭವ ಹೆಚ್ಚು. ಉಳುಕಿನ ನಂತರ ಈ ಎರಡನೆಯದು ಸಾಮಾನ್ಯ, ಇವನದೂ ಅದೇ. ಅಂಥ ಕೀಲನ್ನು ದೇಹದ ಭಾರ ಹಾಕಿ ಒತ್ತುವುದು ಬಾಗಿಲಿಗೆ ಕಲ್ಲು ಸಿಕ್ಕಿಕೊಂಡಿರುವಾಗ ಬಾಗಿಲನ್ನು ಗುದ್ದಿದಂತೆ.

ಚಿಕಿತ್ಸೆಯ ಮಾತಿಗೆ ಮೊದಲು ಒಂದು ಎಚ್ಚರಿಕೆ. ಹೊಸದಾಗಿ ಉಳುಕಿದಾಗ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಕೀಲಿನ ಎರಡು ಬದಿಯ ಎಲುಬಿನ ಗುಬುಟುಗಳ ಹಿಂದಂಚನ್ನು ಇಲ್ಲವೆ ತುದಿಯನ್ನು ಒತ್ತಿದಾಗ ನೋವಾದರೆ ಎಕ್ಸ್-ರೇ ತೆಗೆಸಬೇಕು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಇವು ಮುಖ್ಯವಾದವು. ಊತವಿರುವಾಗ ವ್ಯಾಯಾಮವನ್ನು ವೈದ್ಯರನ್ನು ಕೇಳಿಯೇ ತೊಡಗಬೇಕು. ನಮ್ಮ ಹುಡುಗನನ್ನೂ ಮೊದಲು ಅವರಲ್ಲಿಗೇ ಕಳುಹಿಸಿದೆವು.

ಊತ ಇಳಿದ ಮೇಲೆ ಅವನು ಮಾಡಿದ ಅಭ್ಯಾಸಕ್ಕೆ ಕಾಸು ಖರ್ಚಾಗಲಿಲ್ಲ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಮೇಜಿನ ಕಾಲಿಗೆ ಕಟ್ಟಿ, ಪಾದಕ್ಕೆ ಸುತ್ತಿ, ಪಾದವನ್ನು ಹೊರಕ್ಕೆ ಎಳೆದು ಮೆಲ್ಲನೆ ಹಿಂದಕ್ಕೆ ಬಿಡುವುದು. ನೆಲದ ಮೇಲೆ ಹಿಮ್ಮಡಿ ಎತ್ತಿ, ಮೂರು ಎಣಿಸುತ್ತ ಇಳಿಸುವುದು. ಮೊದಲು ಎರಡು ಕಾಲಿನಲ್ಲಿ, ಆಮೇಲೆ ಒಂದೇ ಕಾಲಿನಲ್ಲಿ, ಹನ್ನೆರಡರಂತೆ ಮೂರು ಸಲ, ದಿನ ಬಿಟ್ಟು ದಿನ. ಮೆಟ್ಟಿಲಂಚಿಗೆ ಬಂದುದು ನೋವು ಪೂರ್ತಿ ಹೋದ ಮೇಲೆ. ಎಲ್ಲಕ್ಕಿಂತ ಮುಖ್ಯವಾದುದು ಒಂಟಿಕಾಲಿನ ನಿಲುವು, ಪ್ರತಿದಿನ ಹತ್ತು ನಿಮಿಷ: ನೆಲದ ಮೇಲೆ, ಮಡಿಸಿದ ಕಂಬಳಿಯ ಮೇಲೆ, ಗೆಳೆಯನು ಎಸೆದ ಚೆಂಡನ್ನು ಹಿಡಿಯುತ್ತ, ಕೊನೆಗೆ ತುಂಗೆಯ ದಂಡೆಯ ಮರಳಿನಲ್ಲಿ. ಇದು ಮಕ್ಕಳ ಆಟದಂತೆ ಕಂಡು ಹಲವರು ಬಿಟ್ಟುಬಿಡುತ್ತಾರೆ. ನೆದರ್‌ಲೆಂಡ್ಸಿನ ವಾಲಿಬಾಲ್ ತಂಡಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಮತೋಲದ ಹಲಗೆಯ ಅಭ್ಯಾಸದಿಂದ ಉಳುಕುಗಳು ಕಡಮೆಯಾದುವು, ಆದರೆ ಹಿಂದೆ ಉಳುಕಿಸಿಕೊಂಡಿದ್ದವರಲ್ಲಿ ಮಾತ್ರ. ಯಾರಿಗೆ ಅಗತ್ಯವೋ ಅವರಿಗೇ ಅದು ಫಲಿಸಿತು. ಮೊಣಕಾಲಿನ ಹಳೆಯ ತೊಂದರೆ ಇದ್ದವರಿಗೆ ಆ ತೊಂದರೆ ಹೆಚ್ಚಾದುದೂ ಅಲ್ಲಿ ಕಂಡುಬಂತು; ಅಂಥವರು ಜಾಗರೂಕರಾಗಿರಬೇಕು.

ಇನ್ನು ಕುದುರೆಯ ಬಳಿಗೆ ಹೋಗೋಣ. ಜೀನಿನ ಮೇಲೆ ಕುಳಿತವನ ಪಾದಕ್ಕೆ ಬರುವ ಭಾರ ಬಹುಮಟ್ಟಿಗೆ ನೇರವಾಗಿ ಕೆಳಕ್ಕೆ. ಹೊರಳಿಸುವ ಬಲ ಕಡಮೆ. ಅಪಾಯ ಹೆಚ್ಚಾಗಿರುವುದು ಏರುವಾಗ ಮತ್ತು ಇಳಿಯುವಾಗ. ಕುದುರೆಯನ್ನು ಎಡಬದಿಯಿಂದ ಏರುವುದು ವಾಡಿಕೆ. ಆಗ ದೇಹದ ಪೂರ್ತಿ ತೂಕ ರಿಕಾಪಿನಲ್ಲಿರುವ ಎಡಪಾದವೊಂದರ ಮೇಲೆ ಬಿದ್ದು, ದೇಹ ತಿರುಗುವಾಗ ಕೀಲನ್ನೂ ತಿರುಚುತ್ತದೆ. ಇವನ ದುರ್ಬಲವಾದ ಕಾಲೂ ಎಡಗಾಲೇ. ಏರಲು ಎತ್ತರದ ಕಟ್ಟೆಯೊಂದನ್ನು ಬಳಸಿದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ. ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ, ಕುದುರೆಯ ಬೆನ್ನಿಗೂ ಹಿತ. ಇಳಿಯುವಾಗ ಎರಡು ಪಾದಗಳನ್ನೂ ರಿಕಾಪಿನಿಂದ ಬಿಡಿಸಿಕೊಂಡು, ಜೀನಿಗೆ ಆತು ಜಾರಿ, ಮೊಣಕಾಲು ಬಾಗಿಸಿ ಎರಡು ಕಾಲಿನ ಮೇಲೂ ಇಳಿಯಬೇಕು.

ಕೀಲಿಗೆ ಪಟ್ಟಿ ಕಟ್ಟಿಕೊಳ್ಳಬಹುದು; ಆದರೆ ಅದರಿಂದ ದಪ್ಪನಾದ ಪಾದ ರಿಕಾಪಿನಲ್ಲಿ ಸಿಕ್ಕಿಕೊಳ್ಳಬಾರದು. ಬಿದ್ದ ಸವಾರನನ್ನು ಕುದುರೆ ಎಳೆದುಕೊಂಡು ಓಡಿದರೆ ಉಳುಕು ಅತ್ಯಂತ ಚಿಕ್ಕ ಕಷ್ಟವಾದೀತು. ರಿಕಾಪು ಪಾದರಕ್ಷೆಗಿಂತ ಒಟ್ಟಿನಲ್ಲಿ 2 ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲವಾಗಿರಬೇಕು. ಪಾದ ಒಳಕ್ಕೆ ಜಾರದಂತೆ ಪಾದರಕ್ಷೆಗೆ ಹಿಮ್ಮಡಿ ಇರಬೇಕು.

ಎಂಟು ವಾರಗಳಾದ ಮೇಲೆ ಅವನನ್ನು ಅದೇ ಗೋಡೆಯ ಬಳಿ ನಿಲ್ಲಿಸಿದೆವು. ಎಡಗಾಲು 8 ಸೆಂಟಿಮೀಟರು. ಕಣ್ಣು ಮುಚ್ಚಿ ನಿಂತದ್ದು 17 ಸೆಕೆಂಡು. ದಸರಾ ರಜೆಗೆ ಮೈಸೂರಿಗೆ ಹೋಗಬಹುದೇ ಎಂದು ಕೇಳಿದನು. ಹೋಗಬಹುದು, ಆದರೆ ಮೊದಲ ದಿನ ರಿಕಾಪಿಲ್ಲದೆ, ಕಲಿಸುವವರು ಹಗ್ಗ ಹಿಡಿದ ಕುದುರೆಯ ಮೇಲೆ, ನಡಿಗೆಯಲ್ಲಿ ಮಾತ್ರ ಎಂದು ಹೇಳಿ ಕಳುಹಿಸಿದೆವು. ಟ್ಯೂಬಿನ ಪಟ್ಟಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆಂದು ರೈಲುನಿಲ್ದಾಣದಿಂದ ಫೋನಿನಲ್ಲಿ ತಿಳಿಸಿದನು.