ಅರಣ್ಯದ ಸಸಿಗಳೂ ಬೇರಿನ ಶಿಲೀಂಧ್ರವೂ

ಗೋಮಾಳಗಳಲ್ಲಿಯೂ ಬೋಳು ಗುಡ್ಡಗಳಲ್ಲಿಯೂ ಮಳೆಗಾಲದ ಮೊದಲಲ್ಲಿ ನೆಟ್ಟ ಸಸಿಗಳು ದೀಪಾವಳಿಯವರೆಗೆ ಹಸುರಾಗಿದ್ದು, ಮುಂದಿನ ಬೇಸಗೆ ಕಳೆಯುವುದರೊಳಗಾಗಿ ಒಣಗಿಹೋಗುವುದುಂಟು. ನೀರಿನ ಅಭಾವವೂ ದನಕರುಗಳ ಹಾವಳಿಯೂ ಇದಕ್ಕೆ ಕಾರಣಗಳೆಂಬುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಇವುಗಳ ಜೊತೆಗೆ ಕಣ್ಣಿಗೆ ಕಾಣದ ಮತ್ತೊಂದು ಕಾರಣವೂ ಇರಬಹುದು. ಮೇಲ್ಮಣ್ಣು ಕೊಚ್ಚಿಹೋದ ನೆಲದಲ್ಲಿ, ಗಿಡದ ಬೇರಿಗೆ ನೆರವಾಗುವ ಶಿಲೀಂಧ್ರವು ವಿರಳವಾಗಿರುತ್ತದೆ. ಅದನ್ನು ಸಸಿಮಡಿಯಲ್ಲಿಯೇ ಸಸಿಗೆ ಒದಗಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಶಿಲೀಂಧ್ರದ ಸ್ವರೂಪ.— ಬೂಷ್ಟು, ಅಣಬೆ ಮೊದಲಾದವು ಶಿಲೀಂಧ್ರಗಳ ವರ್ಗಕ್ಕೆ ಸೇರಿದವು. ರಾಗಿಯ ಬೆಂಕಿರೋಗಕ್ಕೂ ಜೋಳದ ಕಾಡಿಗೆ ರೋಗಕ್ಕೂ ಶಿಲೀಂಧ್ರಗಳೇ ಮೂಲವಾದುದರಿಂದ ಬೇಸಾಯಗಾರರು ಇವನ್ನೆಲ್ಲ ಶತ್ರುಗಳೆಂದೇ ಭಾವಿಸುವರು. ಆದರೆ ಬೇರಿನೊಡನೆ ಕೂಡಿ ಬಾಳುವ ಕೆಲವು ಶಿಲೀಂಧ್ರಗಳು ಗಿಡಕ್ಕೆ ಮಿತ್ರರು. ೧೮೮೫ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಫ್ರಾಂಕ್ ಎಂಬವರು ಈ ಕೂಡುಬಾಳಿಗೆ ಮೈಕೊರೈಜಾ, ಎಂದರೆ ಶಿಲೀಂಧ್ರದ ಬೇರು, ಎಂದು ಹೆಸರಿಟ್ಟರು. ಗಿಡಕ್ಕೆ ಅವಶ್ಯವಾದ ರಂಜಕವು ಮಣ್ಣಿನಲ್ಲಿ ಸುಲಭವಾಗಿ ಹರಿದುಬರುವ ಸತ್ವವಲ್ಲ; ಬೇರೇ ಅದನ್ನು ಹುಡುಕಿಕೊಂಡು ಹೋಗಬೇಕು. ಬೇರಿನ ರೋಮಗಳಿಗಿಂತಲೂ ಸೂಕ್ಷ್ಮವಾದ ಶಿಲೀಂಧ್ರದ ಎಳೆಗಳು ಬೇರು ಮುಟ್ಟಲಾರದ ಸಂದುಗಳಲ್ಲಿ ಹರಡಿ ರಂಜಕವನ್ನು ತಂದುಕೊಡುತ್ತವೆ. ಇದಕ್ಕೆ ಪ್ರತಿಯಾಗಿ ಗಿಡವು ತಾನು ಎಲೆಯಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಶಿಲೀಂಧ್ರಕ್ಕೆ ಕೊಡುತ್ತದೆ.

ಇವುಗಳಲ್ಲಿ ಎರಡು ಮುಖ್ಯ ಬಗೆಗಳುಂಟು. ಪೈನ್, ನೀಲಗಿರಿ, ಉತ್ತರ ಹಿಂದೂಸ್ಥಾನದ ಸಾಲವೃಕ್ಷ ಮುಂತಾದವುಗಳ ಬೇರಿಗೆ ಹೊರಗಿನಿಂದ ಹೊದಿಕೆಯಂತೆ ಕವಿಯುವುದು ಒಂದು ಬಗೆ. ಬೇವು, ಹುಣಸೆ, ತೇಗ, ಹೊಂಗೆ ಮೊದಲಾದ ಬಹುತೇಕ ಮರಗಳ ಬೇರಿನ ಒಳಹೊಕ್ಕು ಬೆಳೆಯುವುದು ಎರಡನೆಯದು. ಇದು ಬರಿಗಣ್ಣಿಗೆ ಕಾಣದು. ಬೇರಿಗೆ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಅನುಭವದ ಪಾಠ.— ಶಿಲೀಂಧ್ರವಿಲ್ಲದಿದ್ದರೆ ಆಗುವ ನಷ್ಟಕ್ಕೆ ಪೋರ್ಟೊರಿಕೊ ದ್ವೀಪವು ಪ್ರಸಿದ್ಧ ನಿದರ್ಶನ. ಅಲ್ಲಿ ಪೈನ್ ಮರವು ಸಹಜವಾಗಿ ಬೆಳೆಯುವುದಿಲ್ಲ. ಆದುದರಿಂದ ಅದಕ್ಕೆ ಒಗ್ಗುವ ಶಿಲೀಂಧ್ರವೂ ಅಲ್ಲಿನ ಮಣ್ಣಿನಲ್ಲಿರಲಿಲ್ಲ. ಹಲವು ವರ್ಷ ಬಿತ್ತಿ ಬೆಳೆಸಿದ ಸಸಿಗಳು ಸ್ವಲ್ಪ ಎತ್ತರಕ್ಕೆ ಬಂದು ಸತ್ತುಹೋಗುತ್ತಿದ್ದವು. ೧೯೫೫ರಲ್ಲಿ ಅಮೆರಿಕದ ಉತ್ತರ ಕೆರೊಲೈನಾದಿಂದ ಪೈನ್ ಮರಗಳ ಕೆಳಗಿನ ಮಣ್ಣನ್ನು ತರಿಸಿ ಕೆಲವು ಸಸಿಗಳ ಬುಡಕ್ಕೆ ಸೇರಿಸಲಾಯಿತು. ಆ ಸಸಿಗಳು ಚೇತರಿಸಿಕೊಂಡು ಬೆಳೆದವು. ಸಸಿಯನ್ನು ಕೊಟ್ಟು ಅದರ ಸಂಗಾತಿಯನ್ನು ಕೊಡದಿದ್ದರೆ ಶ್ರಮವು ವ್ಯರ್ಥವಾಗುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತಯಾರಿಸುವ ಕ್ರಮ.— ಬೇರಿನ ಒಳಗೆ ಬೆಳೆಯುವ ಶಿಲೀಂಧ್ರವನ್ನು ಜೀವಂತ ಬೇರಿನ ಆಶ್ರಯವಿಲ್ಲದೆ ವೃದ್ಧಿಪಡಿಸುವುದು ಸಾಧ್ಯವಿಲ್ಲ. ಇದಕ್ಕೆ ರಾಗಿ ಅಥವಾ ಮುಸುಕಿನ ಜೋಳವು ಯೋಗ್ಯವಾದ ಪೈರು. ಸಾಸಿವೆ, ಕೋಸು ಇವುಗಳ ಜಾತಿಯಲ್ಲಿ ಈ ಶಿಲೀಂಧ್ರವು ನೆಲೆಸದಾದುದರಿಂದ ಅವು ಉಪಯೋಗಕ್ಕೆ ಬಾರವು. ಮೊದಲ ಹೆಪ್ಪನ್ನು ಕೃಷಿ ವಿಶ್ವವಿದ್ಯಾನಿಲಯಗಳಿಂದ ವಿಚಾರಿಸಿ ಪಡೆಯತಕ್ಕದ್ದು.

(೧) ಒಂದು ಅಡಿ ಆಳದ ತೊಟ್ಟಿ ತೋಡಿ, ಹೊರಗಿನ ಮಣ್ಣಿನ ಸೋಂಕು ತಗಲದಂತೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಬಿಸಿಲಿನಲ್ಲಿ ಚೆನ್ನಾಗಿ ಕಾದ ಮಣ್ಣು ಮರಳುಗಳ ಮಿಶ್ರಣವನ್ನು ತುಂಬಬೇಕು.

(೨) ಹೆಪ್ಪನ್ನು ಮೇಲ್ಭಾಗದಲ್ಲಿ ತೆಳುವಾಗಿ ಹರಡಿ, ಅದರ ಮೇಲೆ ರಾಗಿಯನ್ನು ಬಿತ್ತಿ ಮಿತವಾಗಿ ನೀರು ಕೊಡಬೇಕು.

(೩) ಎರಡು ಎರಡೂವರೆ ತಿಂಗಳಾದ ಮೇಲೆ ನೀರು ನಿಲ್ಲಿಸಿ, ಪೈರನ್ನು ನೆಲಮಟ್ಟಕ್ಕೆ ಕೊಯ್ದು, ಬೇರುಗಳನ್ನು ಸಣ್ಣಗೆ ಕತ್ತರಿಸಿ ಅದೇ ಮಣ್ಣಿನಲ್ಲಿ ಕಲಸಿ ನೆರಳಿನಲ್ಲಿ ಆರಿಸಬೇಕು.

(೪) ಸಸಿಯ ಚೀಲವೊಂದಕ್ಕೆ ಸುಮಾರು ೧೦ ಗ್ರಾಂನಷ್ಟು ಈ ಮಣ್ಣನ್ನು, ಬೀಜವು ಕೂರುವ ಸ್ಥಳಕ್ಕೆ ಒಂದು ಅಂಗುಲ ಕೆಳಗೆ ಪದರವಾಗಿ ಹಾಕಬೇಕು. ಎಳೆಯ ಬೇರು ಅದರ ಮೂಲಕವೇ ಇಳಿಯಬೇಕೆಂಬುದು ಇದರ ಉದ್ದೇಶ.

ಎಚ್ಚರಿಕೆಗಳು.— ಸಸಿಮಡಿಗೆ ಸೂಪರ್ ಫಾಸ್ಫೇಟನ್ನು ಹೆಚ್ಚಾಗಿ ಹಾಕಕೂಡದು. ರಂಜಕವು ಧಾರಾಳವಾಗಿ ದೊರೆತಲ್ಲಿ ಗಿಡವು ಶಿಲೀಂಧ್ರವನ್ನು ಬೇರಿಗೆ ಸೇರಿಸಿಕೊಳ್ಳುವುದು ಕಡಿಮೆಯಾಗುತ್ತದೆ. ಮಣ್ಣಿಗೆ ಶಿಲೀಂಧ್ರನಾಶಕ ಔಷಧಗಳನ್ನು ಸುರಿಯುವುದೂ ಹಾನಿಕರವಾಗಬಹುದು. ಹೆಪ್ಪು ದೊರೆಯದಿದ್ದಲ್ಲಿ ಅದೇ ಜಾತಿಯ ಆರೋಗ್ಯವಾದ ಮರದ ಕೆಳಗಿನ ಮಣ್ಣನ್ನು, ಸಣ್ಣ ಬೇರುಗಳ ಸಮೇತ, ಒಂದೆರಡು ಬುಟ್ಟಿಯಷ್ಟು ತಂದು ಬಳಸಬಹುದು. ರೋಗ ತಗಲಿದ ಮರದ ಬುಡದಿಂದ ಎಂದಿಗೂ ತರಕೂಡದು.

ಶಿಲೀಂಧ್ರವು ನೀರಿಗೂ ಬೇಲಿಗೂ ಬದಲಾಗಲಾರದು. ಮರಗಿಡಗಳು ಸೊಂಪಾಗಿರುವ ಒಳ್ಳೆಯ ನೆಲದಲ್ಲಿ ಅದು ಮೊದಲೇ ಇರುವುದರಿಂದ ಪ್ರಯೋಜನವು ಅಲ್ಪವೇ ಸರಿ. ಕೊರಕಲು ಬಿದ್ದ ಭೂಮಿ, ಕಲ್ಲುಗಣಿಯ ದಿನ್ನೆ ಮೊದಲಾದ ಸ್ಥಳಗಳಲ್ಲಿಯೇ ಅದರ ಗುಣವು ಹೆಚ್ಚಾಗಿ ಕಾಣುವುದು.

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲಿಕರೂ ಮೊದಲ ವರ್ಷ ನೂರು ಸಸಿಗಳನ್ನು ಶಿಲೀಂಧ್ರ ಸೇರಿಸಿಯೂ, ನೂರು ಸಸಿಗಳನ್ನು ಸೇರಿಸದೆಯೂ ಬೆಳೆಸಿ, ಒಂದೇ ನೆಲದಲ್ಲಿ ಸಾಲುಬಿಟ್ಟು ಸಾಲಿನಂತೆ ನೆಡಿಸಿ ಗುರುತು ಹಾಕಿಸತಕ್ಕದ್ದು. ಸಸಿಮಡಿಯಲ್ಲಿನ ಎತ್ತರವನ್ನು ನೋಡಿ ತೀರ್ಮಾನಕ್ಕೆ ಬರಬಾರದು. ಯುಗಾದಿ ಕಳೆದು ಮೊದಲ ಮಳೆ ಬಿದ್ದ ಮೇಲೆ ಎರಡು ಬಗೆಯ ಸಾಲುಗಳಲ್ಲಿಯೂ ಜೀವ ಉಳಿದಿರುವ ಸಸಿಗಳನ್ನು ಎಣಿಸಿ ಬರೆದಿಟ್ಟುಕೊಂಡರೆ, ಮುಂದಿನ ವರ್ಷ ಈ ಕ್ರಮಕ್ಕೆ ಹಣ ವೆಚ್ಚಮಾಡಬಹುದೇ ಬಾರದೇ ಎಂಬುದು ಆ ಲೆಕ್ಕದಿಂದಲೇ ತಿಳಿಯುವುದು.