ಮಾಲಾ ಗುಳಿಗೆ: ಬಿಳಿ ಮೊದಲೋ, ಕಂದು ಮೊದಲೋ?

ಪ್ರಶ್ನೆ: ಮೇಡಂ, ನಮ್ಮೂರ ಆಶಾ ಅಕ್ಕ ಮಾಲಾ-ಎನ್ ಗುಳಿಗಿ ಕೊಟ್ಟಾರ. ಮ್ಯಾಲಿನ ಕಾಗದ ಎಲ್ಲೋ ಹೋತು. ಕಂದು ಗುಳಿಗಿ ರಕ್ತದ್ದು, ಮೊದಲು ಅದನ್ನ ನುಂಗಿದ್ರ ಮೈಗೆ ಒಳ್ಳೇದು ಅಂತ ಮುಟ್ಟಾದ ಐದನೇ ದಿನದಿಂದ ಅವನ್ನೇ ತಗೊಳ್ಳಾಕ ಹತ್ತೀನಿ. ನಾಲ್ಕು ಮುಗಿದಾವ. ತಪ್ಪೇನು?
– ಹೆಸರು ಬೇಡ, ಕರೂರು, ಸಿರುಗುಪ್ಪ ತಾಲ್ಲೂಕು

ಉತ್ತರ: ತಪ್ಪೇ ತಂಗಿ, ಆದರೆ ಸರಿಪಡಿಸಬಹುದು. ಗರ್ಭ ತಡೆಯುವ ಔಷಧ ಇರುವುದು ಬಿಳಿ ಗುಳಿಗೆಯಲ್ಲಿ ಮಾತ್ರ. ಪಟ್ಟಿಯಲ್ಲಿ 28 ಗುಳಿಗೆ, ಅದರಲ್ಲಿ 21 ಬಿಳಿ, 7 ಕಂದು. ಪ್ರತಿ ಬಿಳಿ ಗುಳಿಗೆಯಲ್ಲಿ ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಇಥಿನೈಲ್ ಎಸ್ಟ್ರಾಡಿಯಾಲ್ 0.03 ಮಿಲಿಗ್ರಾಂ ಇರುತ್ತದೆ. ಈ ಎರಡು ಹಾರ್ಮೋನು ಸೇರಿ ಅಂಡ ಬಿಡುಗಡೆಯಾಗದಂತೆ ತಡೆಯುತ್ತವೆ. ಕಂದಿನಲ್ಲಿರುವುದು ಫೆರಸ್ ಫ್ಯೂಮರೇಟ್, ಅಂದರೆ ಕಬ್ಬಿಣದ ಲವಣ, 60 ಮಿಲಿಗ್ರಾಂ. ದಿನಾ ನುಂಗುವ ರೂಢಿ ತಪ್ಪದಿರಲಿ ಎಂದು ಅವನ್ನು ಕೊನೆಯ ವಾರಕ್ಕೆ ಇಟ್ಟಿದ್ದಾರೆ. ಮುಟ್ಟು ಬರುವುದೂ ಆಗಲೇ.

ನಿಮ್ಮ ಪತ್ರ ಅಚ್ಚಾಗುವ ಹೊತ್ತಿಗೆ ಬಹುಶಃ ನೀವು ಬಿಳಿಗೆ ಬಂದಿರುತ್ತೀರಿ. ಹಾಗಿದ್ದರೆ ನಡುವೆ ನಿಲ್ಲಿಸಬೇಡಿ. ಮೊದಲ ಬಿಳಿ ಗುಳಿಗೆಯಿಂದ ಏಳು ದಿನ ಯಜಮಾನರು ನಿರೋಧ್ ಬಳಸಲಿ. ಕಂದು ನುಂಗುತ್ತಿದ್ದ ದಿನಗಳಲ್ಲಿ ರಕ್ಷಣೆಯಿಲ್ಲದೆ ಕೂಡಿದ್ದರೆ, ಮೂರು ವಾರ ಕಳೆದ ಮೇಲೆ ಆಶಾ ಬಳಿ ಸಿಗುವ ‘ನಿಶ್ಚಯ್’ ಕಿಟ್‌ನಲ್ಲಿ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಒಂದು ವೇಳೆ ಗರ್ಭ ನಿಂತಿದ್ದರೂ, ತಿಳಿಯದೆ ನುಂಗಿದ ಈ ಗುಳಿಗೆಯಿಂದ ಮಗುವಿಗೆ ಊನವಾಗುತ್ತದೆಂದು ಹೆದರಬೇಕಿಲ್ಲ.

ರಕ್ತದ ಮಾತಿಗೆ ಬಂದರೆ, ಆ 60 ಮಿಲಿಗ್ರಾಂ ಲವಣದಲ್ಲಿ ನಿಜವಾದ ಕಬ್ಬಿಣ ಸುಮಾರು 20 ಮಿಲಿಗ್ರಾಂ ಮಾತ್ರ. ಅದೂ ತಿಂಗಳಿಗೆ ಏಳೇ ದಿನ. ಸುಸ್ತು, ತಲೆಸುತ್ತು ಇದ್ದರೆ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ, ಬೇರೆ ಕಬ್ಬಿಣದ ಮಾತ್ರೆ ಪಡೆಯಿರಿ.

ಅಕ್ಷರ ಬಾರದವರೂ ಬಾಣದ ಗುರುತು ಹಿಡಿದು ಹೋಗಬಹುದಾದ ಪಟ್ಟಿ ಇದು. ಆ ಯೋಚನೆ ಮಾಡಿದವರನ್ನು ಮೆಚ್ಚಲೇಬೇಕು. ಆದರೆ ನನ್ನ ಕೈಗೆ ಬಂದ ಪಟ್ಟಿಗಳ ಮೇಲೆಲ್ಲ ಹಿಂದಿ, ಇಂಗ್ಲಿಷ್. ಕರೂರಿನಲ್ಲಿ ಅದನ್ನು ಓದುವವರೆಷ್ಟು ಮಂದಿ? ‘ಬಿಳಿ ಮೊದಲು’ ಎಂದು ಕನ್ನಡದಲ್ಲಿ ಎರಡು ಪದ ಅಚ್ಚು ಹಾಕಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ. ಅಲ್ಲಿಯವರೆಗೆ ಆಶಾ ಕಾರ್ಯಕರ್ತೆಯರೇ, ಕೊಡುವಾಗ ಮೊದಲ ಬಿಳಿ ಗುಳಿಗೆಯ ಮೇಲೆ ಪೆನ್ನಿನಲ್ಲಿ ಸುತ್ತು ಹಾಕಿ ಕೊಡಿ.

ಪ್ರಶ್ನೆ: ಮಾಲಾ ಸಿಗದ್ದಕ್ಕೆ ಮೆಡಿಕಲ್ ಶಾಪಿನಿಂದ ತಂದೆ. ಅದರಲ್ಲಿ ಇಪ್ಪತ್ತೊಂದೇ ಗುಳಿಗೆ, ಎಲ್ಲ ಒಂದೇ ಬಣ್ಣ. ‘ಅದೇ ಔಷಧ’ ಎಂದರು. ನಂಬಬಹುದೇ?
– ಓದುಗರು, ಸಿರುಗುಪ್ಪ

ಉತ್ತರ: ಬ್ರ್ಯಾಂಡ್ ಹೆಸರು ಬಿಡಿ, ಪಟ್ಟಿಯ ಹಿಂಬದಿಯ ಔಷಧದ ಹೆಸರು ಮತ್ತು ಅಂಕಿ ಓದಿ. ಓವ್ರಾಲ್-ಎಲ್‌ನಲ್ಲಿರುವುದು ಮಾಲಾದ ಬಿಳಿ ಗುಳಿಗೆಯ ಔಷಧವೇ, ಪ್ರಮಾಣವೂ ಅಷ್ಟೇ. 21ರ ಪಟ್ಟಿ ಮುಗಿದ ಮೇಲೆ ಏಳು ದಿನ ಬಿಡುವು, ಎಂಟನೇ ದಿನ ಹೊಸ ಪಟ್ಟಿ. ಆ ದಿನ ರಕ್ತ ಹೋಗುವುದು ನಿಂತಿರಲಿ, ನಿಲ್ಲದಿರಲಿ, ಶುರು ಮಾಡಲೇಬೇಕು. ಬಿಡುವು ಎಂಟು, ಒಂಬತ್ತು ದಿನಕ್ಕೆ ಎಳೆದರೆ ಗರ್ಭ ನಿಲ್ಲುವ ಅಪಾಯ.

ದಶಾಂಶ ಬಿಂದುವಿನ ಮೇಲೆ ಕಣ್ಣಿರಲಿ. ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಎಂದಿದ್ದು ಒಂದೇ ಗುಳಿಗೆ ಇದ್ದರೆ ಅದು ತುರ್ತು ಗುಳಿಗೆ, ಮಾಲಾದ ಹತ್ತು ಪಟ್ಟು. ಕೂಡಿದ 72 ಗಂಟೆಯೊಳಗೆ ಒಮ್ಮೆ ನುಂಗುವಂಥದ್ದು, ದಿನಾ ಅಲ್ಲ. ಎಸ್ಟ್ರಾಡಿಯಾಲ್ ಎದುರು 0.03 ಬದಲು 0.05 ಇದ್ದರೆ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಎಕ್ಸ್‌ಪೈರಿ ಎಂದು ಬರೀ ತಿಂಗಳು, ವರ್ಷ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ನಡೆಯುತ್ತದೆ. ನಮ್ಮ ಬೇಸಿಗೆಯಲ್ಲಿ ತಗಡಿನ ಛಾವಣಿಯ ಕೆಳಗೆ, ಕಿಟಕಿಯ ಬಿಸಿಲಲ್ಲಿ ಇಡಬೇಡಿ.

ಲೇಬಲ್ ಎಷ್ಟು ಓದಿದರೂ ಬಿ.ಪಿ. ಎಷ್ಟಿದೆ ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಮೊದಲ ಪಟ್ಟಿಗೂ ಮುಂಚೆ ಅಳೆಸಿಕೊಳ್ಳಿ. ಬಿ.ಪಿ. 140/90 ದಾಟಿದವರು, ಕಣ್ಣ ಮುಂದೆ ಮಿಂಚಿದಂತಾಗಿ ತಲೆ ಸಿಡಿಯುವ ಮೈಗ್ರೇನ್ ಇರುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, 35 ದಾಟಿ ಬೀಡಿ ಸೇದುವವರು ಇದನ್ನು ತೆಗೆದುಕೊಳ್ಳಬಾರದು. ಟಿ.ಬಿ.ಯ ರಿಫಾಂಪಿಸಿನ್, ಫಿಟ್ಸ್‌ನ ಕೆಲವು ಮಾತ್ರೆಗಳು ಇದರ ಬಲ ಕುಗ್ಗಿಸುತ್ತವೆ. ಗುಳಿಗೆ ನಡೆಯುವಾಗ ಎದೆನೋವು, ಉಸಿರಾಟದ ತೊಂದರೆ, ಒಂದೇ ಮೀನಖಂಡದ ಊತ, ಹಿಂದೆಂದೂ ಇಲ್ಲದ ತಲೆನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾಟಿ ಕೆಲಸದ ಗಡಿಬಿಡಿಯಲ್ಲಿ ಎರಡು ದಿನ ಮರೆತೆ. ಈಗ ಎರಡನ್ನೂ ಒಟ್ಟಿಗೆ ನುಂಗಲೇ?
– ಓದುಗರು, ಕುರುಗೋಡು

ಉತ್ತರ: ಬೇಡ. ಎರಡರಲ್ಲಿ ಒಂದನ್ನು ನೆನಪಾದ ಕೂಡಲೇ ನುಂಗಿ, ಇನ್ನೊಂದನ್ನು ಎಸೆಯಿರಿ. ಇವತ್ತಿನದನ್ನು ಇವತ್ತಿನ ಹೊತ್ತಿಗೇ ತೆಗೆದುಕೊಳ್ಳಿ, ಏಳು ದಿನ ನಿರೋಧ್ ಇರಲಿ. ಮರೆತದ್ದು ಮೂರನೇ ಸಾಲಿನ ಬಿಳಿಗಳಾದರೆ, ಉಳಿದ ಬಿಳಿ ಮುಗಿಸಿ, ಕಂದು ಬಿಟ್ಟು ಮರುದಿನವೇ ಹೊಸ ಪಟ್ಟಿ ಹಿಡಿಯಿರಿ. ಮೊದಲ ಸಾಲಿನವಾಗಿದ್ದು, ಆ ದಿನಗಳಲ್ಲಿ ಕೂಡಿದ್ದರೆ ತುರ್ತು ಗುಳಿಗೆ ಬೇಕೇ ಎಂದು ತಡಮಾಡದೆ ಕೇಳಿ. ಒಂದೇ ಒಂದು ಬಿಳಿ ಮರೆತಿದ್ದರೆ ನೆನಪಾದಾಗ ನುಂಗಿದರೆ ಸಾಕು. ಆ ದಿನ ಎರಡಾದರೂ ಪರವಾಗಿಲ್ಲ. ಕಂದು ಮರೆತಿದ್ದರೆ ಅದನ್ನು ಎಸೆದು ಮುಂದೆ ಹೋಗಿ.

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು, ಹಾಲೂಡಿಸುತ್ತಿದ್ದೇನೆ. ಅತ್ತೆ ತಮ್ಮ ಮಗಳ ಮಾಲಾ ಪಟ್ಟಿ ಕೊಟ್ಟರು.
– ಓದುಗರು, ಬಳ್ಳಾರಿ

ಉತ್ತರ: ಆರು ತಿಂಗಳು ತುಂಬುವವರೆಗೆ ಮಾಲಾ ಬೇಡ. ಅದರ ಈಸ್ಟ್ರೋಜನ್ ಹಾಲು ಕಡಿಮೆ ಮಾಡಬಹುದು. ಆಸ್ಪತ್ರೆಯಲ್ಲಿ ‘ಛಾಯಾ’ ಕೇಳಿ, ಅದರಲ್ಲಿ ಹಾರ್ಮೋನು ಇಲ್ಲ. ಆದರೆ ಅದರ ಲೆಕ್ಕ ಬೇರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮಾಲಾದಂತೆ ದಿನಾ ನುಂಗಬೇಡಿ. ನಾದಿನಿಯ ಪಟ್ಟಿ ಅವರಿಗೇ ವಾಪಸ್ ಕೊಡಿ, ಅವರ ತಿಂಗಳ ಲೆಕ್ಕ ತಪ್ಪೀತು.