ಕಣಿವೆಯ ತಳವನ್ನು ಹುಡುಕುವ ಲೆಕ್ಕ

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಮೊದಲು ಬೋಧಿಸುವ ನಿಯಮವೊಂದುಂಟು: ಒಮ್ಮೆಗೆ ಒಂದು ಪರಿಮಾಣವನ್ನು ಮಾತ್ರ ಬದಲಿಸಬೇಕು, ಉಳಿದವುಗಳನ್ನು ಸ್ಥಿರವಾಗಿಡಬೇಕು. ಬಾಯಿಲನ ನಿಯಮವನ್ನು ಪರೀಕ್ಷಿಸುವಾಗ ಉಷ್ಣತೆಯನ್ನು ಮುಟ್ಟದೆ ಒತ್ತಡವನ್ನು ಮಾತ್ರ ಹೆಚ್ಚಿಸುತ್ತೇವಷ್ಟೆ. ಪ್ರಕೃತಿಯ ನಿಯಮವನ್ನು ಅರಿಯಲು ಈ ಕ್ರಮ ಒಳ್ಳೆಯದು. ಆದರೆ ರಾಸಾಯನಿಕ ಕಾರ್ಖಾನೆಯೊಂದನ್ನು ಅತ್ಯಂತ ಕಡಮೆ ನಷ್ಟದಲ್ಲಿ ನಡೆಯಿಸುವುದು ಹೇಗೆಂದು ಹುಡುಕಹೊರಟವನನ್ನು ಇದೇ ನಿಯಮವು ದಾರಿ ತಪ್ಪಿಸಬಲ್ಲದು.

ಅಮೋನಿಯದ ತಯಾರಿಕೆಯನ್ನು ನೋಡೋಣ. ಸಾರಜನಕವೂ ಜಲಜನಕವೂ ಕೂಡಿ ಅಮೋನಿಯ ಆಗುವಾಗ ಶಾಖವು ಹೊರಬೀಳುತ್ತದೆ. ಆದ್ದರಿಂದ ಉಷ್ಣತೆಯನ್ನು ಏರಿಸಿದರೆ ಕ್ರಿಯೆಯ ವೇಗ ಹೆಚ್ಚುವುದಾದರೂ ಸಮತೋಲಸ್ಥಿತಿಯಲ್ಲಿ ದೊರೆಯುವ ಅಮೋನಿಯದ ಅಂಶ ತಗ್ಗುತ್ತದೆ. ಅದನ್ನು ಸರಿದೂಗಿಸಲು ಒತ್ತಡವನ್ನು ಹೆಚ್ಚಿಸಬೇಕು. ಒತ್ತಡಕ್ಕೋ ಹಣ ಬೇಕು. ಹೀಗೆ ಪರಿಮಾಣಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಇಂತಹ ಹೆಣಿಗೆಯ ತೊಡಕನ್ನು ತೋರಿಸಲು ಇಂಗ್ಲೆಂಡಿನ ಎಂಜಿನಿಯರ್ ಹೋವರ್ಡ್ ರೋಸನ್‌ಬ್ರಾಕ್ 1960ರಲ್ಲಿ ಒಂದು ಬೀಜೋಕ್ತಿಯನ್ನು ಪ್ರಕಟಿಸಿದರು:

ನ = (1 − ಕ್ಷ)² + 100 (ಯ − ಕ್ಷ²)²

ನ ಎಂಬುದನ್ನು ನಷ್ಟವೆಂದೂ, ಕ್ಷ ಮತ್ತು ಯಗಳನ್ನು ನಾವು ಬದಲಿಸಬಲ್ಲ ಪರಿಮಾಣಗಳೆಂದೂ ಭಾವಿಸೋಣ. ಎರಡೂ 1 ಆದಾಗ ನಷ್ಟವು ಸೊನ್ನೆ. ಇದರ ಚಿತ್ರ ಬರೆದರೆ ಬಾಗಿದ, ಇಕ್ಕಟ್ಟಾದ ಕಣಿವೆಯೊಂದು ಕಾಣುವುದು. ಗಣಕಯಂತ್ರಕ್ಕಾದರೋ ಚಿತ್ರವಿಲ್ಲ, ಮಂಜಿನಲ್ಲಿ ನಡೆಯುವವನಂತೆ ಅದು ಕಾಲಿಟ್ಟ ಸ್ಥಳದ ಎತ್ತರವನ್ನಷ್ಟೇ ಬಲ್ಲದು.

ವಾಚಕರು ಪೆನ್ಸಿಲು ಹಿಡಿದು ನಮ್ಮೊಡನೆ ಬರಲಿ. ಕ್ಷ = −1, ಯ = 1 ಆಗಿರುವಲ್ಲಿ ನಷ್ಟ 4. ಯವನ್ನು ಹಾಗೆಯೇ ಇಟ್ಟು ಕ್ಷವನ್ನು −0.9 ಮಾಡಿದರೆ ನಷ್ಟ 7.22ಕ್ಕೆ ಏರುತ್ತದೆ, −1.1 ಮಾಡಿದರೆ 8.82. ಇನ್ನು ಕ್ಷವನ್ನು ಬಿಟ್ಟು ಯವನ್ನು 0.1ರಷ್ಟು ಏರಿಸಿದರೂ ಇಳಿಸಿದರೂ ನಷ್ಟ 5. ನಾಲ್ಕು ಕಡೆಯೂ ಏರು! ಇಲ್ಲಿಯೇ ತಳವೆಂದು ನಂಬಿ ನಿಲ್ಲುವುದು ಸಹಜ. ಕ್ಷವನ್ನು ಮಾತ್ರ ಬದಲಿಸುವವನಿಗೆ ಇಲ್ಲಿರುವ ಅತ್ಯುತ್ತಮ ಹೆಜ್ಜೆ ಸುಮಾರು 0.005, ಅದರಿಂದ ನಷ್ಟವು 3.99ಕ್ಕೆ ಇಳಿಯುತ್ತದೆ, ಅಷ್ಟೆ. ಆದರೆ ಕ್ಷವನ್ನು 0.1ರಷ್ಟು ಏರಿಸಿ, ಅದೇ ವೇಳೆಗೆ ಯವನ್ನು 0.2ರಷ್ಟು ಇಳಿಸಿ ನೋಡಿ: ನಷ್ಟ 3.62! ದಾರಿ ಇದ್ದೇ ಇತ್ತು, ಓರೆಯಾಗಿತ್ತು.

ಅತ್ಯಂತ ಕಡಿದಾದ ಇಳಿಜಾರನ್ನೇ ಹಿಡಿದು ನಡೆಯಬೇಕೆಂಬ ಕ್ರಮವನ್ನು ಫ್ರಾನ್ಸಿನ ಗಣಿತಜ್ಞ ಕೋಶಿ 1847ರಲ್ಲಿಯೇ ಸೂಚಿಸಿದ್ದನು. ಇಂತಹ ಕಣಿವೆಯಲ್ಲಿ ಅದೂ ಒಂದು ಗೋಡೆಯಿಂದ ಇನ್ನೊಂದಕ್ಕೆ ಹಾಯುತ್ತ, ಅಂಕುಡೊಂಕಾಗಿ ಬಲು ನಿಧಾನವಾಗಿ ಸಾಗುತ್ತದೆ.

ರೋಸನ್‌ಬ್ರಾಕ್ ಕಂಡ ಉಪಾಯ ಸರಳವಾದುದು. ಪ್ರತಿಯೊಂದು ದಿಕ್ಕಿನಲ್ಲಿಯೂ ಹೆಜ್ಜೆಯಿಟ್ಟು ನೋಡುವುದು. ನಷ್ಟ ಹೆಚ್ಚದಿದ್ದರೆ ಮುಂದಿನ ಹೆಜ್ಜೆಯನ್ನು ಮೂರರಷ್ಟು ಮಾಡುವುದು. ಹೆಚ್ಚಿದರೆ ಹಿಂದಕ್ಕೆ ಬಂದು, ದಿಕ್ಕನ್ನು ತಿರುಗಿಸಿ, ಹೆಜ್ಜೆಯನ್ನು ಅರ್ಧಮಾಡುವುದು. ಎಲ್ಲ ದಿಕ್ಕುಗಳಲ್ಲಿಯೂ ಒಮ್ಮೆ ಗೆಲವು, ಆಮೇಲೊಮ್ಮೆ ಸೋಲು ಆದ ಬಳಿಕ ಅಕ್ಷಗಳನ್ನೇ ತಿರುಗಿಸುವುದು! ಆವರೆಗೆ ಒಟ್ಟು ಸಾಗಿಬಂದ ದಿಕ್ಕೇ ಹೊಸ ಮೊದಲನೆಯ ಅಕ್ಷ; ಉಳಿದವು ಅದಕ್ಕೆ ಲಂಬವಾಗಿರುತ್ತವೆ. ಹೀಗೆ ಅಕ್ಷಗಳು ಕಣಿವೆಯ ಬಾಗನ್ನು ಅನುಸರಿಸುತ್ತ ಹೋಗುತ್ತವೆ. ಉಷ್ಣತೆ, ಒತ್ತಡ ಎಂಬ ಹೆಸರುಗಳು ನಮ್ಮ ಅನುಕೂಲಕ್ಕಾಗಿ ಇವೆಯೇ ಹೊರತು ಕಣಿವೆಯು ಅವುಗಳ ನೇರಕ್ಕೇ ಹರಿಯಬೇಕೆಂಬ ಕಟ್ಟಳೆಯೇನೂ ಇಲ್ಲವಲ್ಲ!

ಇದೇ ರೋಸನ್‌ಬ್ರಾಕ್ 1966ರಲ್ಲಿ ಸ್ಟೋರಿ ಎಂಬವರೊಡನೆ ಸೇರಿ ರಾಸಾಯನಿಕ ಎಂಜಿನಿಯರುಗಳಿಗಾಗಿಯೇ ಗಣನಕ್ರಮಗಳ ಪುಸ್ತಕವೊಂದನ್ನು ಹೊರತಂದರು. ಅದಕ್ಕೆ ಒಂದು ವರ್ಷ ಮೊದಲು ನೆಲ್ಡರ್ ಮತ್ತು ಮೀಡ್ ಎಂಬವರು ಬೇರೊಂದು ಹಾದಿ ಹಿಡಿದಿದ್ದರು. ಒಂದೇ ಬಿಂದುವಿನ ಬದಲು ತ್ರಿಕೋನವೊಂದನ್ನು ಕಣಿವೆಯಲ್ಲಿ ಉರುಳಿಸುವುದು, ಇಳಿಜಾರು ಕಂಡಲ್ಲಿ ಅದನ್ನು ಹಿಗ್ಗಿಸುವುದು, ಇಕ್ಕಟ್ಟಿನಲ್ಲಿ ಕುಗ್ಗಿಸುವುದು ಅವರ ಕ್ರಮ. ಹೊಸ ಕ್ರಮಗಳನ್ನು ಪರೀಕ್ಷಿಸುವವರು ಮೇಲಿನ ಬೀಜೋಕ್ತಿಯನ್ನು ಇಂದಿಗೂ ಬಳಸುತ್ತಾರೆ; ಕ್ಷ = −1.2, ಯ = 1 ಎಂಬಲ್ಲಿಂದ, ಎಂದರೆ 24.2ರಷ್ಟು ನಷ್ಟದಿಂದ, ಹೊರಡುವುದು ವಾಡಿಕೆ.

ಆದರೂ ಒಂದು ಮಾತು ಹೇಳಲೇಬೇಕು. ಬೆಟ್ಟದಾಚೆ ಇದಕ್ಕಿಂತಲೂ ಆಳವಾದ ಇನ್ನೊಂದು ಕಣಿವೆ ಇದೆಯೇ ಎಂಬುದನ್ನು ಈ ಕ್ರಮಗಳಲ್ಲಿ ಯಾವುದೂ ತಿಳಿಸಲಾರದು. ಅದಕ್ಕಾಗಿ ಬೇರೆಬೇರೆ ಸ್ಥಳಗಳಿಂದ ಮತ್ತೆ ಹೊರಟು, ದೊರೆತ ತಳಗಳನ್ನು ಒಂದರೊಡನೊಂದು ಹೋಲಿಸಿ ನೋಡುತ್ತಾರೆ.